ಹನ್ನೊಂದು ನಿಮಿಷದ ಮುಸುಕು

ಏಳನೇ ಕಲಮಿನಲ್ಲಿ 'ಮತ್ತು' ಇರಬೇಕೋ 'ಅಥವಾ' ಇರಬೇಕೋ ಎಂದು ಸಮಿತಿ ಎರಡೂಮುಕ್ಕಾಲು ಗಂಟೆ ಚರ್ಚಿಸಿತು. ಕೊನೆಗೆ ಊಟದ ಹೊತ್ತು ಮೀರಿತೆಂದು 'ಅಥವಾ' ಎಂದೇ ತೀರ್ಮಾನಿಸಿ ಎದ್ದಿತು.

ಇಂದುಮತಿ ಕೊಪ್ಪದ ತನ್ನ ವಿರೋಧವನ್ನು ನಡಾವಳಿಯಲ್ಲಿ ಬರೆಸಿದಳು. ಅದು ಅವಳ ಹದಿನಾಲ್ಕನೇ ವಿರೋಧ. ಹುಬ್ಬಳ್ಳಿಯ ಹೆಸರು ಪ್ರಾಧಿಕಾರದಲ್ಲಿ ನೀತಿ ವಿಭಾಗದ ಮುಖ್ಯಸ್ಥೆಯಾಗಿ ಒಂಬತ್ತು ವರ್ಷ ಕಳೆದಿದ್ದ ಅವಳಿಗೆ, ವಿರೋಧ ಬರೆಸುವುದೆಂದರೆ ಗೋಡೆಗೆ ಸುಣ್ಣ ಹಚ್ಚಿದ ಹಾಗೆ ಎಂಬುದು ಗೊತ್ತಾಗಿಹೋಗಿತ್ತು. ಬೆಳ್ಳಗೆ ಕಾಣುತ್ತದೆ, ಗೋಡೆ ಅದೇ ಗೋಡೆ.

ಆ ಹೊತ್ತಿಗೆ '.ಕನ್ನಡ' ಎಂದು ಕೊನೆಯಾಗುವ ಜಾಲತಾಣದ ಹೆಸರುಗಳು ನಲವತ್ತು ಲಕ್ಷ ದಾಟಿದ್ದವು. ಹೂ ಮಾರುವವರಿಗೆ, ಬಾವಿ ತೋಡುವವರಿಗೆ, ಓಣಿಯ ಭಜನಾ ಮಂಡಳಿಗೆ, ಎಲ್ಲರಿಗೂ ಒಂದೊಂದು ಹೆಸರು. ಹೆಸರು ಪಡೆದವರು ಯಾರು, ಎಲ್ಲಿರುತ್ತಾರೆ ಎಂಬುದು ಹೊರಗಿನವರಿಗೆ ಕಾಣದಂತೆ ಪ್ರಾಧಿಕಾರ ಒಂದು ಮರೆ ಕಟ್ಟಿತ್ತು. ಅದನ್ನು ಎಲ್ಲರೂ ಮುಸುಕು ಎನ್ನುತ್ತಿದ್ದರು. ನೋಂದಾಯಿಸಿದವರ ಹೆಸರು, ವಿಳಾಸಗಳನ್ನು ಐದು ತುಣುಕಾಗಿ ಸೀಳಿ ಐದು ಊರುಗಳ ಐದು ಯಂತ್ರಗಳಲ್ಲಿ ಇಡಲಾಗುತ್ತಿತ್ತು. ಯಾವುದಾದರೂ ಮೂರು ತುಣುಕು ಕೂಡಿದರೆ ವಿವರ ಓದಲು ಬರುತ್ತದೆ. ಎರಡೇ ಕೂಡಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ.

ಮೊದಲು ಈ ಮೂರು ತುಣುಕು ಕೂಡಿಸಲು ಮೂರು ಊರಿನ ಮೂವರು ಅಧಿಕಾರಿಗಳು ಸಹಿ ಹಾಕಬೇಕಿತ್ತು. ಇಪ್ಪತ್ತು ದಿನ ಹಿಡಿಯುತ್ತಿತ್ತು. ಮೋಸಗಾರರು ಅಷ್ಟು ದಿನ ಕಾಯುವವರಲ್ಲ. ಬೆಳಿಗ್ಗೆ ಒಂದು ಪ್ರಯೋಗಾಲಯದ ಹೆಸರಿನಲ್ಲಿರುವ ಅನುಸ್ವಾರದ ಸೊನ್ನೆಯನ್ನು ತೆಗೆದು ಅಲ್ಲಿ ಕನ್ನಡ ಅಂಕಿಯ ಸೊನ್ನೆ ಕೂರಿಸುತ್ತಿದ್ದರು. ಕಣ್ಣಿಗೆ ಎರಡೂ ಒಂದೇ ದುಂಡು. ರಕ್ತಪರೀಕ್ಷೆಯ ವರದಿ ನೋಡಲು ಬಂದವರ ಗುಟ್ಟನ್ನೆಲ್ಲ ದೋಚಿ, ಸಂಜೆಯೊಳಗೆ ಆ ಹೆಸರನ್ನು ಬಿಸಾಡಿ ಹೋಗುತ್ತಿದ್ದರು. ಪತ್ರಿಕೆಗಳು ಕೂಗಾಡಿದವು. ಆಗ ಹುಟ್ಟಿದ್ದೇ ಜರಡಿ.

ಜರಡಿ ಒಂದು ತೂಗುವ ಯಂತ್ರ. ದೂರು ಬಂದೊಡನೆ ಅದರ ತೂಕ ನೋಡಿ, ಸರಿಯೆನಿಸಿದರೆ ತಾನೇ ಮೂರು ತುಣುಕು ಕೂಡಿಸಿ ದೂರುದಾರನ ಕೈಗೆ ವಿಳಾಸ ಕೊಡುತ್ತಿತ್ತು. ಇದಕ್ಕೆಲ್ಲ ಹನ್ನೊಂದು ನಿಮಿಷ. ಅದನ್ನು ಕಟ್ಟಿದವನು ತಾರಾನಾಥ ಎಂಬ ಮೈಸೂರಿನ ಇಂಜಿನಿಯರ್. ಮನುಷ್ಯ ಒಳ್ಳೆಯವನೇ. ಆದರೆ ಯಾರು ಏನು ಕೇಳಿದರೂ ನಕ್ಷೆ ತೆಗೆದು ತೋರಿಸುವ ಚಟ.

ಏಳನೇ ಕಲಮು ದೂರಿನ ತೂಕದ ಬಗ್ಗೆ. ದೂರುದಾರನಿಗೆ ಆ ಹೆಸರಿನ ವ್ಯಾಪಾರಚಿಹ್ನೆ ಇರಬೇಕು 'ಅಥವಾ' ಹಾನಿಯಾದ ಪುರಾವೆ ಇರಬೇಕು. ಎಂದರೆ, ಬರೀ ವ್ಯಾಪಾರಚಿಹ್ನೆ ಇದ್ದರೂ ಸಾಕು.

"ಸರ್, ಎರಡು ಕೆಲಸ ಒಂದs ಬಾಗಿಲದಾಗ ತೂರಿಸಾಕತ್ತೀರಿ," ಎಂದು ಇಂದುಮತಿ ಅಂದೂ ಹೇಳಿದ್ದಳು. "ಹೆಸರು ನಿಲ್ಲಸೋದು ಬ್ಯಾರೆ, ಮನಿಷ್ಯಾರ ಮನಿ ತೋರಸೋದು ಬ್ಯಾರೆ. ಹೆಸರು ಹತ್ತು ನಿಮಿಷದಾಗ ನಿಲ್ಲಸ್ರಿ, ನಾ ಬ್ಯಾಡ ಅನ್ನೂದಿಲ್ಲ. ತಪ್ಪಾದ್ರ ನಾಳೆ ಮತ್ತ ಚಾಲೂ ಮಾಡಬಹುದು. ಒಮ್ಮೆ ತೋರಿಸಿದ ವಿಳಾಸಾನ ಹೊಳ್ಳಿ ಮುಚ್ಚಾಕ ಬರತೈತೇನ್ರಿ?"

ಸಮಿತಿಯ ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶ ಉಡುಪರು ಬೆಂಗಳೂರಿನಿಂದ ಪರದೆಯ ಮೇಲೆ ಕಾಣಿಸುತ್ತಿದ್ದರು. ಕನ್ನಡಕ ಒರೆಸಿಕೊಂಡು, "ಭಾವನೆ ಅರ್ಥವಾಗುತ್ತದೆ ಮೇಡಂ. ಅದನ್ನು ಅನುಬಂಧದಲ್ಲಿ ಸೇರಿಸೋಣ," ಎಂದಿದ್ದರು. ಅನುಬಂಧವನ್ನು ಯಾರೂ ಓದುವುದಿಲ್ಲ ಎಂಬುದು ಉಡುಪರಿಗೂ ಗೊತ್ತಿತ್ತು.

ಜರಡಿ ಕೆಲಸಕ್ಕಿಳಿದ ಮೊದಲ ತಿಂಗಳಲ್ಲೇ ಒಂದು ಮೋಸದ ಹೆಸರಿನ ಮುಸುಕು ತೆರೆದಾಗ ಒಳಗೆ ಸಿಕ್ಕಿದ್ದು ಕುಷ್ಟಗಿಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರ ವಿಳಾಸ. ಯಾರೋ ಅವರ ಗುರುತಿನ ಚೀಟಿ ಕದ್ದು ಬಳಸಿದ್ದರು. ಮೋಸಹೋದ ಐವತ್ತು ಜನ ಅವರ ಮನೆ ಮುಂದೆ ನಿಂತು ಕಿಟಕಿಯ ಗಾಜು ಒಡೆದರು. ಇಂದುಮತಿ ಅದನ್ನೂ ಸಮಿತಿಯ ಮುಂದಿಟ್ಟಳು. ಅದನ್ನೂ ಅನುಬಂಧಕ್ಕೆ ಸೇರಿಸಿದರು.

ಮನೆಯಲ್ಲಿ ಇನ್ನೊಂದು ಕಾಟ. ಅವಳ ಗಂಡ ಪ್ರಭುಲಿಂಗ ದುರ್ಗದಬೈಲಿನ ಹತ್ತಿರ ಊದಿನಕಡ್ಡಿಯ ಅಂಗಡಿ ಇಟ್ಟಿದ್ದ. 'ಕೊಪ್ಪದ ಮಲ್ಲಿಗೆ' ಎಂಬುದು ಅವನ ತಂದೆಯ ಕಾಲದ ನೋಂದಾಯಿತ ಗುರುತು. ಆ ಕಾರಣಕ್ಕೆ ಜರಡಿ ಅವನಿಗೆ ದಿನವೂ ಸಂದೇಶ ಕಳಿಸುತ್ತಿತ್ತು.

"ಇಂದೂ, ನಿಮ್ಮ ಯಂತ್ರಕ್ಕ ಸ್ವಲ್ಪ ಬುದ್ಧಿ ಹೇಳು," ಎಂದು ಅವನು ರೊಟ್ಟಿ ಮುರಿಯುತ್ತ ಫೋನು ಮುಂದೆ ಹಿಡಿದ. "ಇವತ್ತ ಒಂದs ದಿನ ಮೂವತ್ತೊಂದು. 'ಮಲ್ಲಿಗೆ ಇಡ್ಲಿ ಹೋಟೆಲ್ ನಿಮ್ಮ ಹೆಸರನ್ನು ಹೋಲುತ್ತದೆ, ದೂರು ನೀಡುವಿರಾ?' ಅಂತ. ಇಡ್ಲಿಗೂ ಊದಿನಕಡ್ಡಿಗೂ ಏನ ಸಂಬಂಧ? ಜಗತ್ತಿನ್ಯಾಗ ಇರೋ ಮಲ್ಲಿಗಿ ಎಲ್ಲಾ ನಮ್ಮಪ್ಪ ಬೆಳದಾನೇನು?"

"ಬಂದ್ ಮಾಡಾಕ ಒಂದು ಗುಂಡಿ ಇರಬೇಕು ಅಂತ ನಾ ಬರದಿದ್ದೆ. ತಗದ್ರು."

"ಯಾಕ?"

"ದೂರು ಕಡಿಮಿ ಆಗತಾವಂತ."

ಪ್ರಭುಲಿಂಗ ಫೋನನ್ನು ಮಗುಚಿಟ್ಟು ಊಟ ಮುಂದುವರಿಸಿದ. ಅದು ಊಟ ಮುಗಿಯುವವರೆಗೂ ತಾಟಿನ ಪಕ್ಕ ಗುರ್ರೆನ್ನುತ್ತಲೇ ಇತ್ತು.

ನಾಲ್ಕನೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ ಇಂದುಮತಿ ಆಕ್ಷೇಪಣೆಗಳ ಪೆಟ್ಟಿಗೆ ತೆರೆದಳು. ಮುಸುಕು ತೆರೆದ ಮೇಲೆ ನೋಂದಾಯಿಸಿದವರಿಗೆ, ದೂರುದಾರನ ಹೆಸರು ಹಾಕಿ, ಒಂದು ತಿಳಿವಳಿಕೆ ಪತ್ರ ಹೋಗುತ್ತಿತ್ತು: 'ಹದಿನೈದು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು.' ವಿಳಾಸ ಕೊಟ್ಟಾದ ಮೇಲೆ! ಮೂರನೆಯ ಪತ್ರ ನಾಲ್ಕೇ ಸಾಲು.

'ಸೂಜಿಮಲ್ಲಿಗೆ ಅನ್ನೋ ಹೆಸರು ಇಟ್ಟಾಕಿ ನಾನು. ಅವರು ತಮ್ಮ ಹೆಸರಲೆ ನೋಂದಣಿ ಮಾಡಿಸಿಕೊಂಡಾರ. ಅವರಿಗೆ ನನ್ನ ವಿಳಾಸ ಯಾಕ ಕೊಟ್ಟಿರಿ? ಅವರು ನನ್ನ ಗಂಡ. ನನ್ನ ಎಡಗಿವಿ ಕೇಳೂದಿಲ್ಲ, ಅದೂ ಅವರಿಂದನs. ಮೂರು ವರ್ಷದಿಂದ ಹುಡುಕಾಕತ್ತಿದ್ದರು.'

ಕೆಳಗೆ ಹೆಸರಿಲ್ಲ. ಇಂದುಮತಿ ದೂರು ತೆಗೆದು ನೋಡಿದಳು. ದೂರುದಾರ: ಶ್ರೀಶೈಲ, ವಿಜಯಪುರ. 'ಸೂಜಿಮಲ್ಲಿಗೆ ಲೇಡೀಸ್ ಟೈಲರ್ಸ್' ಎಂಬ ವ್ಯಾಪಾರಚಿಹ್ನೆಯ ಒಡೆಯ. ಹಾನಿಯ ಪುರಾವೆ: ಇಲ್ಲ. ಬೇಕಾಗಿಯೂ ಇಲ್ಲ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸಲ್ಲಿಸಿದ್ದಾನೆ, ಒಂಬತ್ತು ಐವತ್ತೊಂದಕ್ಕೆ ವಿಳಾಸ ಅವನ ಕೈಯಲ್ಲಿ.

ಅವಳು ಕೂಡಲೇ, ವಿಳಾಸ ಕಾಣದಂತೆ ಪತ್ರ ತಲುಪಿಸುವ ಮುಸುಕಿನ ಅಂಚೆಯಲ್ಲಿ, ಆ ಹೆಂಗಸಿಗೆ ಉತ್ತರ ಬರೆದಳು: 'ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿ, ಈ ನಂಬರಿಗೆ ಫೋನ್ ಮಾಡಿ.' ಅದು ತಲುಪದೆ ಹಿಂದಿರುಗಿತು. 'ಈ ಮುಸುಕನ್ನು ತೆರೆಯಲಾಗಿರುವುದರಿಂದ ಮುಸುಕಿನ ಅಂಚೆ ಸೇವೆ ಲಭ್ಯವಿಲ್ಲ.' ತಾಣದಲ್ಲಿ ಫೋನ್ ನಂಬರ್ ಇರಬಹುದೆಂದು ನೋಡಿದರೆ ತಾಣವನ್ನೂ ಜರಡಿ ಮುಚ್ಚಿತ್ತು. ತಿಳಿವಳಿಕೆ ಪತ್ರವನ್ನು ಕಳಿಸುವ ದಾರಿ ಇತ್ತು, ಎಚ್ಚರಿಕೆಯನ್ನು ಕಳಿಸುವ ದಾರಿ ಇರಲಿಲ್ಲ.

ಕೆಳಗಿನ ಮಹಡಿಯ ನಿಯಂತ್ರಣ ಕೊಠಡಿಗೆ ಓಡಿದಳು. ಗೋಡೆ ತುಂಬ ಪರದೆಗಳು, ಅವುಗಳ ಮೇಲೆ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ತೆರೆದ ಮುಸುಕು. ತಾರಾನಾಥ ಟೀ ಕುಡಿಯುತ್ತಿದ್ದ.

"ಸೂಜಿಮಲ್ಲಿಗೆ. ವಿಳಾಸ ಬೇಕು. ಈಗಿಂದೀಗ."

ಅವನು ಪತ್ರ ಓದಿದ. ಅವನ ಮುಖ ಸಪ್ಪಗಾಯಿತು. "ಮೇಡಂ, ನಾನೂ ನೋಡೋಕಾಗಲ್ಲ. ಪ್ರಾಧಿಕಾರದ ಯಾವ ಅಧಿಕಾರಿಯೂ ವಿಳಾಸ ನೋಡಕೂಡದು ಅಂತ ಹದಿಮೂರನೇ ಕಲಮಿದೆಯಲ್ಲ. ಯಂತ್ರದಲ್ಲೇ ಬೀಗ ಹಾಕಿದೀವಿ. ಅದನ್ನ ಬರೆದೋರು ನೀವೇ."

ನಿಜ. ಇಡೀ ನೀತಿಯಲ್ಲಿ ಅವಳು ಬರೆದದ್ದು ಬರೆದ ಹಾಗೆ ಉಳಿದಿದ್ದ ಕಲಮು ಅದೊಂದೇ.

"ಅಂದ್ರ ಹೊಡಿಯಾಂವಗ ವಿಳಾಸ ಗೊತ್ತೈತಿ, ಉಳಸವ್ರಿಗೆ ಗೊತ್ತಾಗಬಾರದು?"

"ಯಂತ್ರ ತಪ್ಪು ಮಾಡಿಲ್ಲ ಮೇಡಂ. ದೂರು ಕ್ರಮಬದ್ಧವಾಗಿದೆ."

"ಗೊತ್ತೈತ್ರಿ!" ಅವಳ ದನಿಗೆ ಕೊಠಡಿಯ ಎಲ್ಲರೂ ತಿರುಗಿದರು. "ಕ್ರಮಬದ್ಧ ಐತಿ ಅನ್ನೋದs ನನ್ನ ತಲಿನೋವು."

ಉಡುಪರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು, ನಿಜವಾಗಿಯೂ ನೊಂದ ದನಿಯಲ್ಲಿ, ಗುರುವಾರ ತುರ್ತು ಸಭೆ ಕರೆಯುವುದಾಗಿ ಹೇಳಿದರು. ಪೊಲೀಸ್ ನಿಯಂತ್ರಣ ಕೊಠಡಿಗೆ ಫೋನ್ ಮಾಡಿದಳು. "ಆಯ್ತ್ರಿ ಮೇಡಂ, ಗಾಡಿ ಕಳಸ್ತೀವಿ. ವಿಳಾಸ ಹೇಳ್ರಿ," ಎಂದರು ಅಲ್ಲಿನವರು. ಅವಳು ಫೋನ್ ಕೆಳಗಿಟ್ಟಳು.

ಆಮೇಲೆ ಬ್ಯಾಗು ಎತ್ತಿಕೊಂಡು ಆಟೋ ಹಿಡಿದು ದುರ್ಗದಬೈಲಿಗೆ ಹೋದಳು.

ಪ್ರಭುಲಿಂಗ ಗಿರಾಕಿಯೊಬ್ಬರಿಗೆ ಕಡ್ಡಿಯ ಕಟ್ಟು ಕೊಡುತ್ತಿದ್ದ. "ನಿಮ್ಮ ಫೋನ್ ಕೊಡ್ರಿ," ಎಂದಳು. ಆ ದಿನದ ಸಂದೇಶಗಳ ನಡುವೆ ಇಪ್ಪತ್ತಾರನೆಯದು ಅದೇ ಆಗಿತ್ತು. 'ಸೂಜಿಮಲ್ಲಿಗೆ ನಿಮ್ಮ ಹೆಸರನ್ನು ಹೋಲುತ್ತದೆ. ದೂರು ನೀಡುವಿರಾ?' ಆ ತಾಣ ಬೆಳಿಗ್ಗೆಯೇ ಮುಚ್ಚಿದೆ ಎಂಬುದು ಜರಡಿಯ ಈ ಭಾಗಕ್ಕೆ ತಿಳಿದೇ ಇರಲಿಲ್ಲ.

ಅವಳು ನಿಂತಲ್ಲೇ ಎಲ್ಲ ಹೇಳಿದಳು. ಪ್ರಭುಲಿಂಗ ಪತ್ರವನ್ನು ಎರಡು ಸಲ ಓದಿದ.

"ಆ ಹೆಣ್ಣಮಗಳು ನನ್ನ ಹೆಸರು ಕದ್ದಾಳ ಅಂತ ನಾ ಬರೀಬೇಕು?"

"ಹೌದು."

"ಸುಳ್ಳು."

"ಹಸೀ ಸುಳ್ಳು. ನಾಳೆ ಗೊತ್ತಾದ್ರ ನನ್ನ ನೌಕರಿಗೆ ಕುತ್ತು, ನಿಮ್ಮ ಗುರುತಿಗೂ ಕುತ್ತು."

ಅವನು ಗಲ್ಲಾದ ಹಿಂದಿನ ತಂದೆಯ ಪಟದ ಕಡೆ ನೋಡಿದ. ಆಮೇಲೆ ಫೋನ್ ತಗೊಂಡು ತಾನೇ ಗುಂಡಿ ಒತ್ತಿದ. "ನನ್ನ ಹೆಸರಿನ ದೂರು ನಾನs ಕೊಡಬೇಕಲ್ಲ," ಎಂದ.

ಇನ್ನು ಹನ್ನೊಂದು ನಿಮಿಷ ಕಾಯಬೇಕಿತ್ತು. ಗಿರಾಕಿ ಬಂದರು, ಹೋದರು. ವಿಜಯಪುರದಿಂದ ಹೊರಟವನು ಈಗ ಎಲ್ಲಿರಬಹುದು ಎಂದು ಇಂದುಮತಿ ಮನಸ್ಸಿನಲ್ಲೇ ಊರು ಎಣಿಸುತ್ತಿದ್ದಳು. ದಕ್ಷಿಣಕ್ಕೆ ಹೊರಟಿದ್ದರೆ ಕೊಲ್ಹಾರ ದಾಟಿರಬಹುದು. ಬೀಳಗಿ? ಹನ್ನೆರಡೂ ಇಪ್ಪತ್ತಕ್ಕೆ ಫೋನ್ ಗುರ್ರೆಂದಿತು. 'ಅಭಿನಂದನೆಗಳು. ನಿಮ್ಮ ದೂರು ಕ್ರಮಬದ್ಧವಾಗಿದೆ.' ಕೆಳಗೆ ಒಂದು ಹೆಸರು, ದ್ರಾಕ್ಷಾಯಣಿ. ರಾಣೆಬೆನ್ನೂರಿನ ಒಂದು ಓಣಿ, ಮನೆ ನಂಬರ್, ಫೋನ್ ನಂಬರ್. ಫೋನ್ ಸ್ವಿಚ್ ಆಫ್ ಆಗಿತ್ತು.

ಪೊಲೀಸರಿಗೆ ವಿಳಾಸ ಹೇಳಿದಳು. ಕಾಯಲು ಮನಸ್ಸಾಗದೆ ಇಬ್ಬರೂ ಅಂಗಡಿಯ ವ್ಯಾನಿನಲ್ಲಿ ಹೊರಟರು. ವ್ಯಾನಿನ ತುಂಬ ಊದಿನಕಡ್ಡಿಯ ಪರಿಮಳ. ವಿಜಯಪುರದಿಂದ ಬರುವವನೂ ಹುಬ್ಬಳ್ಳಿ ದಾಟಿ ಇದೇ ಹೆದ್ದಾರಿಯಲ್ಲಿ ಬರಬೇಕು. ಹಿಂದಿನಿಂದ ಬಂದು ಮುಂದೆ ಹೋಗುವ ಪ್ರತಿ ಕಾರನ್ನೂ ಅವಳು ಬಗ್ಗಿ ನೋಡಿದಳು. ಅವನ ಮುಖ ಅವಳಿಗೆ ಗೊತ್ತೇ ಇರಲಿಲ್ಲ.

ಎರಡೂವರೆಗೆ ಮನೆ ಸಿಕ್ಕಿತು. ಕೆಳಗಿನ ಪಡಸಾಲೆಯಲ್ಲಿ ಐದು ಹೊಲಿಗೆ ಯಂತ್ರ ನಡೆಯುತ್ತಿದ್ದವು. ನಡುವಿನ ಯಂತ್ರದ ಮುಂದೆ ಕೂತಿದ್ದ ಮೂವತ್ತೈದರ ಆಸುಪಾಸಿನ ಹೆಂಗಸು ಬಲಗಿವಿಯನ್ನು ಇವರತ್ತ ತಿರುಗಿಸಿ ಕೇಳಿಸಿಕೊಂಡಳು.

"ವಿಳಾಸ ಕೊಟ್ಟಾಕಿ ನೀವs ಏನ್ರಿ?"

"ಯಂತ್ರ ಕೊಟ್ಟೈತ್ರಿ."

"ಯಂತ್ರಕ್ಕ ಹೇಳಿದವ್ರು ಯಾರು?"

ಇಂದುಮತಿ, "ನಾವು," ಎಂದಳು.

ದ್ರಾಕ್ಷಾಯಣಿ ದಾರ ಕಡಿದಳು. "ಈಗ ಬಂದು ಏನ ಮಾಡವ್ರು?"

"ಹುಬ್ಬಳ್ಳಿಗೆ ನಡೀರಿ. ನಮ್ಮ ಮನ್ಯಾಗ ಇರ್ರಿ. ಅಂವ ಬರಾಕತ್ತಿರಬೇಕು."

"ಬರಾಕತ್ತಾರ ಅಂತ ನನಗ ಗೊತ್ತೈತಿ. ಅದಕ್ಕs ಫೋನ್ ಬಂದ್ ಮಾಡೀನಿ, ಮಗಳನ್ನ ಸಾಲಿಂದ ಕರಸೀನಿ." ಒಳಕೋಣೆಯ ಬಾಗಿಲಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಳು. "ವಿಜಾಪುರ ಬಿಟ್ಟು ಬಾಗಲಕೋಟಿಗೆ ಹೋದೆ. ಬಾಗಲಕೋಟಿ ಬಿಟ್ಟು ಇಲ್ಲಿಗೆ ಬಂದೆ. ಪ್ರತೀ ಸಲ ಹೊಸಾ ಸಾಲಿ, ಹೊಸಾ ಗಿರಾಕಿ, ಹೊಸಾ ಸುಳ್ಳು. ನಾ ಏನ ತಪ್ಪು ಮಾಡೀನಿ? ಖರೇ ವಿಳಾಸ ಬರದಿದ್ದಷ್ಟ. ಅರ್ಜಿಯೊಳಗ 'ಸತ್ಯವನ್ನೇ ಬರೆಯತಕ್ಕದ್ದು' ಅಂತ ಇತ್ತು, ಬರದೆ. ನಾ ಎಲ್ಲೂ ಹೋಗೂದಿಲ್ರಿ. ಇವತ್ತರ ಹೋಗೂದಿಲ್ಲ."

ಇಂದುಮತಿ ಸೆರಗು ಸಿಕ್ಕಿಸಿಕೊಂಡು ಗೋಡೆಗೊರಗಿ ಚಾಪೆಯ ಮೇಲೆ ಕೂತಳು. ಹೊಲಿಯುವ ಹೆಂಗಸರಲ್ಲಿ ಒಬ್ಬಾಕೆ ಹೊರಗೆ ಹೋಗಿ ಓಣಿಯ ಏಳೆಂಟು ಜನರನ್ನು ಕರೆತಂದಳು. ಮೂರೂವರೆಗೆ ಒಬ್ಬ ಮಹಿಳಾ ಕಾನ್ಸ್‌ಟೇಬಲ್ ಬಂದರು. ಪ್ರಭುಲಿಂಗ ಹೊಸ್ತಿಲ ಬಳಿ ಸ್ಟೂಲು ಹಾಕಿಕೊಂಡ.

ನಾಲ್ಕೂ ಹತ್ತಕ್ಕೆ ಶ್ರೀಶೈಲ ಬಂದ. ಇಂದುಮತಿ ಊಹಿಸಿದಂತೆ ಕೆಂಗಣ್ಣಿನವನಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಿಠಾಯಿಯ ಡಬ್ಬಿ. ಒಳಗೆ ತುಂಬಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಕಾನ್ಸ್‌ಟೇಬಲ್ ಕೇಳುವ ಮೊದಲೇ ಜೇಬಿನಿಂದ ಒಂದು ಹಾಳೆ ತೆಗೆದು ಬಿಡಿಸಿದ. ಪ್ರಾಧಿಕಾರದ ಮುದ್ರೆ ಇತ್ತು.

"ನಾ ಕಾನೂನಿನ ಪ್ರಕಾರ ಬಂದೀನ್ರಿ," ಎಂದ, ಮೆತ್ತಗಿನ ದನಿಯಲ್ಲಿ. "ಸರಕಾರನs ಕೊಟ್ಟ ವಿಳಾಸ. ನನ್ನ ಹೆಸರು ಇಟಗೊಂಡು ದಂಧೆ ಮಾಡವ್ರು ಯಾರು ಅಂತ ನೋಡಿ ಹೋಗಾಕ ಬಂದೆ."

ದ್ರಾಕ್ಷಾಯಣಿ ಎದ್ದು ನಿಂತಳು. ಕತ್ತರಿ ಕೈಯಲ್ಲೇ ಇತ್ತು. "ನೋಡಿದ್ರಿ?" ಎಂದಳು. "ಇನ್ನ ನಡೀರಿ."

ಶ್ರೀಶೈಲ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟ. "ಇವತ್ತ ಮಂದಿ ಅದಾರ. ದಿನಾ ಇರತಾರೇನು?" ಎಂದು, ಬಂದ ಹಾಗೇ ಹೋದ. ಹಾಗೆ ಹೋಗುವವನನ್ನು ಹಿಡಿಯಲು ಕಾನ್ಸ್‌ಟೇಬಲ್‌ಗೆ ಯಾವ ಕಾರಣವೂ ಸಿಗಲಿಲ್ಲ. ಅವರು ಹೆಸರು, ಹೊತ್ತು ಬರೆದುಕೊಂಡರು.

ಮುಂದಿನ ಎರಡು ಭಾನುವಾರವೂ ಅವನು ಎದುರಿನ ಚಹಾದಂಗಡಿಯಲ್ಲಿ ಕೂತು ಹೋದ. ಮೂರನೆಯ ಭಾನುವಾರದ ಹೊತ್ತಿಗೆ ದ್ರಾಕ್ಷಾಯಣಿ ಐದು ಯಂತ್ರಗಳನ್ನು ಹೇರಿಕೊಂಡು, ಮಗಳನ್ನು ಕರೆದುಕೊಂಡು ಊರು ಬಿಟ್ಟಿದ್ದಳು. ಎಲ್ಲಿಗೆಂದು ಓಣಿಯವರಿಗೂ ಹೇಳಿರಲಿಲ್ಲ.

ಗುರುವಾರದ ತುರ್ತು ಸಭೆ ಆ ವೇಳೆಗೆ ಮೂರು ಸಲ ಮುಂದೂಡಿಕೆಯಾಗಿತ್ತು. ಕೊನೆಗೆ ಅದು ಸೇರಿದಾಗ ಮೊದಲ ವಿಷಯವೇ ಇಂದುಮತಿ. ಅವಳು ಎಲ್ಲವನ್ನೂ ತಾನಾಗಿಯೇ ಬರೆದುಕೊಟ್ಟಿದ್ದಳು.

ಉಡುಪರು ವರದಿ ಓದಿದರು. "ನಾಲ್ಕು ತಿಂಗಳಲ್ಲಿ ತೆರೆದ ಮುಸುಕು ಎರಡು ಸಾವಿರದ ಮುನ್ನೂರ ಹದಿನಾರು. ಸುಳ್ಳು ದೂರು ಎಂದು ಸಾಬೀತಾದದ್ದು," ಅವರು ತಡೆದರು, "ಒಂದು."

"ನಂದು," ಎಂದಳು ಇಂದುಮತಿ.

"ಹೌದು ಮೇಡಂ. ನಿಮ್ಮದು."

"ಶ್ರೀಶೈಲಂದು?"

"ಅದು ಕ್ರಮಬದ್ಧ."

ಅವಳಿಗೆ ನಗು ಬಂತು. ತಡೆಯಲು ಹೋಗಲಿಲ್ಲ. "ಅಂದ್ರ ಇಡೀ ರಾಜ್ಯದಾಗ ಈ ನೀತಿ ದುರುಪಯೋಗ ಮಾಡ್ಕೊಂಡಾಕಿ ನಾ ಒಬ್ಬಾಕಿನs. ಬರಕೊಳ್ರಿ ಸರ್. ಅನುಬಂಧದಾಗ ಬ್ಯಾಡ, ಮೊದಲನೇ ಪುಟದಾಗ ಬರಕೊಳ್ರಿ."

ಆಗ ತಾರಾನಾಥ ಎದ್ದ. ನಕ್ಷೆ ತಂದಿರಲಿಲ್ಲ. ಕೈಯಲ್ಲಿ ಒಂದೇ ಚೀಟಿ.

"ನಾನು ಲೆಕ್ಕ ತಪ್ಪಾಗಿ ಹಾಕ್ತಿದ್ದೆ ಸರ್. ಎಷ್ಟು ಬೇಗ ತೆರೀತು ಅಂತ ಮಾತ್ರ ನೋಡ್ತಿದ್ದೆ. ತೆರೆದ ಮೇಲೆ ಒಳಗೆ ಯಾರು ಸಿಕ್ಕಿದ್ರು ಅಂತ ನೋಡಿರಲಿಲ್ಲ. ವಿಳಾಸ ನಂಗೆ ಕಾಣಲ್ಲ, ಆದ್ರೆ ಅದು ನಿಜವೋ ಕದ್ದದ್ದೋ ಅಂತ ಯಂತ್ರನೇ ಹೇಳುತ್ತೆ. ಮೋಸದ ಹೆಸರುಗಳಲ್ಲಿ ನೂರಕ್ಕೆ ತೊಂಬತ್ತೇಳು ಕಡೆ ಕದ್ದ ವಿಳಾಸ. ಒಬ್ಬ ಕಳ್ಳನೂ ಸಿಕ್ಕಿಲ್ಲ ಅಂದ್ರೂ ತಪ್ಪಾಗಲ್ಲ. ನಿಜವಾದ ವಿಳಾಸ ಸಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ತಪ್ಪೇ ಮಾಡದೋರದ್ದು." ಅವನು ಕೂತ. ಮತ್ತೆ ಅರ್ಧ ಎದ್ದು, "ಮೇಡಂ ಇದನ್ನೇ ಮೊದಲಿಂದ ಹೇಳ್ತಿದ್ರು," ಎಂದ.

ಉಡುಪರು ಬಹಳ ಹೊತ್ತು ಕನ್ನಡಕ ಒರೆಸಿದರು.

ಆಮೇಲೆ ಆದದ್ದು ಇಷ್ಟು. ದೂರು ಬಂದ ಹೆಸರನ್ನು ಹನ್ನೊಂದೇ ನಿಮಿಷದಲ್ಲಿ ನಿಲ್ಲಿಸುವ, ತಪ್ಪಾಗಿದ್ದರೆ ಮರುದಿನವೇ ಬಿಡುವ ಅಧಿಕಾರ ಜರಡಿಗೆ ಉಳಿಯಿತು. ಮುಸುಕು ತೆರೆಯುವ ಅಧಿಕಾರವನ್ನು ಅದರಿಂದ ಕಿತ್ತು ಮತ್ತೆ ಮೂವರು ಮನುಷ್ಯರ ಕೈಗೆ ಕೊಟ್ಟರು. ಅವರೂ ಮೊದಲು ಒಳಗಿರುವವರ ಮಾತು ಕೇಳಿಯೇ ತೆರೆಯಬೇಕು. ಪತ್ರಿಕೆಗಳು ಇದನ್ನು ಸಮಿತಿಯ ದೂರದೃಷ್ಟಿ ಎಂದು ಕೊಂಡಾಡಿದವು. ಇಂದುಮತಿಯನ್ನು ನೀತಿ ವಿಭಾಗದಿಂದ ತೆಗೆದು ತರಬೇತಿ ವಿಭಾಗಕ್ಕೆ ಹಾಕಿದರು. ಪ್ರಭುಲಿಂಗನಿಗೆ ಒಂದು ಎಚ್ಚರಿಕೆ ಪತ್ರ ಬಂತು. ಅವನು ಅದನ್ನು ಗಲ್ಲಾದ ಖಾನೆಯಲ್ಲಿ ಮಡಿಸಿಟ್ಟ.

ಎಂಟು ತಿಂಗಳ ನಂತರ, ಒಂದು ಮಧ್ಯಾಹ್ನ, ಹೊಸ ಗುಮಾಸ್ತರಿಗೆ ಪಾಠ ಮುಗಿಸಿ ಇಂದುಮತಿ ಡಬ್ಬಿ ಬಿಚ್ಚುತ್ತಿದ್ದಳು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಮೇಡಂ, ನಾನ್ರಿ. ದ್ರಾಕ್ಷಾಯಣಿ." ಹಿಂದೆ ಹೊಲಿಗೆ ಯಂತ್ರಗಳ ಸದ್ದು, ಐದಕ್ಕಿಂತ ಹೆಚ್ಚೇ ಇರಬೇಕು. "ನಿಮ್ಮ ನಂಬರ್ ಅವತ್ತ ಕಾನ್ಸ್‌ಟೇಬಲ್ ಬಾಯಾರಿಗೆ ಕೊಟ್ಟಿದ್ರಲ್ಲ, ಅವ್ರ ಕಡಿಂದ ಇಸಗೊಂಡೆ. ಹೊಸಾ ಹೆಸರು ತಗೊಂಡೀನಿ. ಈ ಸಲಾನೂ ಖರೇನs ಬರದೀನಿ. ಮುಚ್ಚೇ ಇರತೈತಿ ಹೌದಲ್ರಿ?"

"ಈ ಸಲ ಇರತೈತ್ರಿ."

"ಮಗಳು ಸಾಲ್ಯಾಗ ಎಂಟನೇತ್ತಾ ಕಲಿಯಾಕತ್ಯಾಳ."

"ಚಲೋ ಆತು. ಭಾಳ ಚಲೋ ಆತು. ಈಗ..." ಎಲ್ಲಿದ್ದೀರಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ಇಂದುಮತಿ ತಡೆದಳು. ಆ ಕಡೆ ಯಂತ್ರಗಳ ಸದ್ದು ಕೇಳುತ್ತಲೇ ಇತ್ತು.

"ಈಗ ಊಟ ಆತೇನ್ರಿ?" ಎಂದು ಕೇಳಿದಳು.